ಅಜ್ಜನ ಬ್ಲಾಕ್‌ಗಳು, ಮೊಮ್ಮಕ್ಕಳ ಗೇಮ್‌ಗಳು

ಕಳೆದ ತಿಂಗಳು ಸಿರುಗುಪ್ಪದಿಂದ ದಂಪತಿಗಳಿಬ್ಬರು ಬಳ್ಳಾರಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಗಂಡನಿಗೆ ಅರವತ್ತರ ಹತ್ತಿರ ವಯಸ್ಸು. ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ಈಗ ಮನೆಯಲ್ಲಿದ್ದಾರೆ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಎರಡಕ್ಕೂ ಮಾತ್ರೆ ನಡೆದಿದೆ. ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ ದೂರು ಶುರು ಮಾಡಿದರು. "ಡಾಕ್ಟ್ರೇ, ಇವರಿಗೆ ಏನಾಗೈತಿ ಸ್ವಲ್ಪ ನೋಡ್ರಿ. ಮೊಮ್ಮಕ್ಕಳ ಆಟಿಗಿ ಸಾಮಾನು ಹಿಡ್ಕಂಡು ಕುಂತ್ರಂದ್ರ ಊಟದ ಖಬರೂ ಇರಂಗಿಲ್ಲ. ಓಣ್ಯಾಗಿನ ಮಂದಿ ನಗ್ತಾರ."

ಆಟಿಗಿ ಸಾಮಾನು ಎಂದರೆ ಒಂದಕ್ಕೊಂದು ಕೂಡಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳು. ಅಂಗಡಿಯವರು ಬ್ಲಾಕ್ಸ್ ಎನ್ನುತ್ತಾರೆ, ಮಕ್ಕಳು ಯಾವ ಕಂಪನಿಯದಾದರೂ ಲೆಗೊ ಎಂದೇ ಕರೆಯುತ್ತಾರೆ. ಗಂಡ ನಾಚಿಕೊಳ್ಳುತ್ತಲೇ ಮೊಬೈಲಿನಲ್ಲಿ ಫೋಟೋಗಳನ್ನು ತೋರಿಸಿದರು. ತಾವು ದುಡಿದ ಗಿರಣಿ, ಅದರ ಹೊಗೆ ಕೊಳವೆ, ಭತ್ತದ ಚೀಲ ಹೇರಿದ ಲಾರಿ, ಬಳ್ಳಾರಿಯ ಕೋಟೆ ಗುಡ್ಡ. ಸಂಜೆ ಮೊಮ್ಮಕ್ಕಳ ಜೊತೆ ಟಿ.ವಿ.ಗೆ ಜೋಡಿಸುವ ಕಾರ್ ರೇಸ್ ಗೇಮ್ ಕೂಡ ಆಡುತ್ತಾರಂತೆ. "ದಿನಾ ಸೋಲ್ತೀನ್ರಿ" ಎಂದರು. ರಕ್ತದೊತ್ತಡ ನೋಡಿದೆ, ಹಿಂದಿನ ಸಲಕ್ಕಿಂತ ಕಡಿಮೆಯೇ ಇತ್ತು.

"ಅಮ್ಮಾ, ಇದು ರೋಗವಲ್ಲ. ನನ್ನ ರೋಗಿಗಳಲ್ಲಿ ಇನ್ನೂ ಹತ್ತು ಮಂದಿಗೆ ಇದು ಅಂಟಿದರೆ ನನಗೆ ಸಂತೋಷ" ಎಂದೆ. ನಂತರ ಅಭ್ಯಾಸಬಲದಿಂದ ಇನ್ನೊಂದು ಪ್ರಶ್ನೆ ಕೇಳಿದೆ, "ಮನೆಯಲ್ಲಿ ತೀರ ಸಣ್ಣ ಮಗು ಇದೆಯೇ?"

"ಐತ್ರಿ, ಮಗಳ ಕೂಸು. ಈಗ ಒಂದು ವರ್ಷ ತುಂಬಾಕ ಬಂದೈತಿ."

ನನ್ನ ನಗು ಅಲ್ಲಿಗೆ ನಿಂತಿತು. ಕಾರಣ ಕುರುಗೋಡಿನ ಒಂದು ಘಟನೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಈ ಆಟದ ಬಗ್ಗೆ ನಾಲ್ಕು ಮಾತು.

ಕೈ ಕಟ್ಟುವಾಗ ತಲೆಗೂ ಕೆಲಸ

ಕಟ್ಟುವ ಆಟ ನಮಗೆ ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು ನಾದಿ ಎತ್ತು, ಗೋದಲಿ ಮಾಡಿದ ಕೈಗಳು ನಮ್ಮವು. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗೊಂಬೆಗಳನ್ನು ಮಾಡುತ್ತಾರೆ. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳೂ ಹೆಸರಾದವು. ಲೆಗೊ ಕಂಪನಿ ಕೂಡ ಹುಟ್ಟಿದ್ದು ಮರದ ಆಟಿಕೆಗಳಿಂದಲೇ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ 1932ರಲ್ಲಿ ಆಟಿಕೆ ಮಾಡತೊಡಗಿದ. ಇಂದಿನ ರೂಪದ ಇಟ್ಟಿಗೆಗೆ, ಅಂದರೆ ಮೇಲೆ ಗುಬುಟು, ಒಳಗೆ ಕೊಳವೆ ಇದ್ದು ಗಟ್ಟಿಯಾಗಿ ಕಚ್ಚಿಕೊಳ್ಳುವ ಇಟ್ಟಿಗೆಗೆ, 1958ರಲ್ಲಿ ಅವನ ಮಗ ಪೇಟೆಂಟ್ ಕೋರಿದ. ಎಂಟು ಗುಬುಟುಗಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು ಎಂದು ಡೆನ್ಮಾರ್ಕಿನ ಗಣಿತಜ್ಞರೊಬ್ಬರು ಲೆಕ್ಕ ಹಾಕಿದ್ದಾರೆ. ಉತ್ತರ 91 ಕೋಟಿ 51 ಲಕ್ಷ 3 ಸಾವಿರದ 765! ಹೀಗಿರುವಾಗ ಮಗು ದಿನವೂ ಅದೇ ಡಬ್ಬಿಯನ್ನು ಸುರುವಿಕೊಂಡು ಕೂತರೆ ಬೇಸರವೇಕೆ ಆಗುವುದಿಲ್ಲ ಎಂಬುದು ನಿಮಗೆ ಅರ್ಥವಾಗಬಹುದು.

ಬೆರಳ ತುದಿಗಳ ಸೂಕ್ಷ್ಮ ಕೆಲಸ, ಕಣ್ಣು ಕೈಗಳ ಹೊಂದಾಣಿಕೆ, ಮನಸ್ಸಿನಲ್ಲೇ ಆಕಾರವನ್ನು ತಿರುಗಿಸಿ ನೋಡುವ ಶಕ್ತಿ, ಇವೆಲ್ಲ ಈ ಆಟದಲ್ಲಿ ಪಳಗುತ್ತವೆ. 2007ರಲ್ಲಿ ಅಮೆರಿಕದ ವೈದ್ಯರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿರುವ ಕೆಲವು ಮನೆಗಳಿಗೆ ದೊಡ್ಡ ಗಾತ್ರದ ಬ್ಲಾಕ್‌ಗಳನ್ನು ಕೊಟ್ಟು, ಅವು ಸಿಗದ ಮನೆಗಳ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಬ್ಲಾಕ್ ಪಡೆದ ಮನೆಗಳಲ್ಲಿ, ಅದರಲ್ಲೂ ಬಡ ಮತ್ತು ಮಧ್ಯಮ ವರ್ಗದ ಮನೆಗಳಲ್ಲಿ, ಮಕ್ಕಳ ಮಾತಿನ ಬೆಳವಣಿಗೆ ಚೆನ್ನಾಗಿ ಕಂಡಿತು. ಈ ಅಧ್ಯಯನಕ್ಕೆ ಬ್ಲಾಕ್ ತಯಾರಿಸುವ ಕಂಪನಿಯೇ ಹಣ ಒದಗಿಸಿತ್ತು ಎಂಬುದನ್ನೂ ಹೇಳಬೇಕು. ಆದರೂ ಅದರಲ್ಲೊಂದು ತಿರುಳಿದೆ. ಮಗು ಒಂಟಿಯಾಗಿ ಕಟ್ಟಿದರೆ ಮಾತು ಬರುವುದಿಲ್ಲ. ಪಕ್ಕದಲ್ಲಿ ಅಜ್ಜನೋ ಅವ್ವನೋ ಕೂತು "ಕೆಂಪುದು ಕೊಡು, ಇದರ ಮ್ಯಾಲ ಇಡು" ಎನ್ನುತ್ತ ಇದ್ದರೆ ಮಾತು ಬರುತ್ತದೆ.

ಸ್ವಲೀನತೆ, ಅಂದರೆ ಆಟಿಸಂ ಇರುವ ಮಕ್ಕಳಿಗೆ ಇತರರೊಡನೆ ಬೆರೆಯಲು ಕಲಿಸುವುದಕ್ಕೂ ಈ ಇಟ್ಟಿಗೆಗಳನ್ನು ಬಳಸುವುದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ 2004ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಮಗು ಎಂಜಿನಿಯರ್, ಇನ್ನೊಂದು ಸಾಮಾನು ಒದಗಿಸುವವ, ಮತ್ತೊಂದು ಕಟ್ಟುವವ. ನಕ್ಷೆ ಒಬ್ಬನ ಕೈಯಲ್ಲಿ, ಇಟ್ಟಿಗೆ ಇನ್ನೊಬ್ಬನ ಕೈಯಲ್ಲಿ ಇರುವುದರಿಂದ ಮಾತಾಡದೆ ಕೆಲಸ ಸಾಗುವುದೇ ಇಲ್ಲ. ನಂತರ ಪಾತ್ರಗಳ ಅದಲು ಬದಲು. ಜಗಳವಾಡುವ ಅಣ್ಣ ತಮ್ಮಂದಿರಿಗೂ ಇದು ಒಳ್ಳೆಯ ಉಪಾಯ, ನನ್ನ ಮನೆಯಲ್ಲೇ ನೋಡಿದ್ದೇನೆ.

ದೊಡ್ಡವರಿಗೆ ಏನು ಲಾಭ? ಬ್ಲಾಕ್ ಜೋಡಿಸಿದರೆ ರಕ್ತದೊತ್ತಡದ ಮಾತ್ರೆ ಬಿಡಬಹುದು ಎಂದು ಯಾರೂ ತಿಳಿಯಬಾರದು. ನಿವೃತ್ತರಾದವರು ಮಧ್ಯಾಹ್ನವೆಲ್ಲ ಮಲಗಿ ರಾತ್ರಿ ನಿದ್ರೆಗೆ ಗುಳಿಗೆ ಕೇಳುವುದನ್ನು ನಾನು ದಿನವೂ ನೋಡುತ್ತೇನೆ. ಮನಸ್ಸಿಗೆ ಹಿಡಿದ ಒಂದು ಕೆಲಸ, ಅದನ್ನು ತೋರಿಸಲು ಮನೆಯಲ್ಲಿ ಮಂದಿ, ಇವು ಇದ್ದವರು ಗುಳಿಗೆ ಕೇಳುವುದು ಕಡಿಮೆ. ಆದರೆ ನೆಲದ ಮೇಲೆ ಚಕ್ಕಳ ಬಕ್ಕಳ ಹಾಕಿ ಎರಡು ತಾಸು ಕೂಡಬೇಡಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬನ್ನಿ.

ಸಕ್ಕರೆ ಕಾಯಿಲೆಯವರಿಗೆ ಮಾತ್ರ ಒಂದು ವಿಶೇಷ ಎಚ್ಚರಿಕೆ. ನೆಲದ ಮೇಲೆ ಬಿದ್ದ ಬ್ಲಾಕ್ ಬರಿಗಾಲಿಗೆ ಚುಚ್ಚಿದರೆ ಉಳಿದವರು ಹೌಹಾರಿ ಕಾಲೆತ್ತುತ್ತಾರೆ. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಅದು ಗೊತ್ತೇ ಆಗುವುದಿಲ್ಲ. ಸಣ್ಣ ಗಾಯ ಕೀವಾದ ಮೇಲೆಯೇ ಕಣ್ಣಿಗೆ ಬೀಳುವುದು. ಅಂಥವರು ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು. ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಾದರೂ ನೋಡಿಕೊಳ್ಳಬೇಕು. ಸಿರುಗುಪ್ಪದವರ ಪಾದಗಳನ್ನೂ ಅಂದೇ ಪರೀಕ್ಷಿಸಿ ನೋಡಿದೆ. ಹೆಬ್ಬೆರಳುಗಳಲ್ಲಿ ಸ್ಪರ್ಶ ಆಗಲೇ ಮಂದವಾಗಿತ್ತು. ಹೆಂಡತಿ ದೂರು ಹೇಳಲು ಕರೆತರದಿದ್ದರೆ ಅದು ಇನ್ನೂ ಎಷ್ಟು ದಿನ ಹಾಗೆಯೇ ಇರುತ್ತಿತ್ತೋ.

ಕುರುಗೋಡಿನ ಕೂಸು

ಈಗ ಆ ಘಟನೆ. ಕೆಲವು ವರ್ಷಗಳ ಹಿಂದಿನ ಮಾತು. ಕುರುಗೋಡಿನ ಒಂದು ಮನೆಯಲ್ಲಿ ಏಳು ವರ್ಷದ ಹುಡುಗ ಪಡಸಾಲೆಯಲ್ಲಿ ಬ್ಲಾಕ್ ಹರವಿಕೊಂಡು ಆಡುತ್ತಿದ್ದ. ಹತ್ತು ತಿಂಗಳ ತಂಗಿ ಅಂಬೆಗಾಲಿಟ್ಟು ಬಂದು ಒಂದೇ ಗುಬುಟಿನ ಸಣ್ಣ ಚೂರೊಂದನ್ನು ಬಾಯಿಗಿಟ್ಟಳು. ಕೆಮ್ಮು ಬಂತು, ಆಮೇಲೆ ಕೆಮ್ಮೂ ನಿಂತಿತು. ಅಳುವೂ ಇಲ್ಲ, ತುಟಿ ನೀಲಿಯಾಗತೊಡಗಿತು. ಗಾಬರಿಯಾದ ತಾಯಿ ಬಾಯಿಗೆ ಬೆರಳು ಹಾಕಿ ತಡಕಿದರು. ಚೂರು ಇನ್ನೂ ಒಳಕ್ಕೆ ಹೋಯಿತು. ಮನೆಯವರು ಬಳ್ಳಾರಿಗೆ ಓಡಲು ಆಟೊ ಹುಡುಕುತ್ತಿದ್ದಾಗ ಪಕ್ಕದ ಮನೆಯ ಅಂಗನವಾಡಿ ಕಾರ್ಯಕರ್ತೆ ಓಡಿ ಬಂದು ಕೂಸನ್ನು ತಮ್ಮ ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಅಂಗೈಯಿಂದ ಗುದ್ದಿದರು. ಮೂರನೆಯದೋ ನಾಲ್ಕನೆಯದೋ ಗುದ್ದಿಗೆ ಚೂರು ಹೊರಗೆ ಬಿತ್ತು, ಕೂಸು ಅತ್ತಿತು. ನನ್ನಲ್ಲಿಗೆ ತಂದಾಗ ಗಂಟಲಲ್ಲಿ ಒಂದು ಗೀರು ಬಿಟ್ಟರೆ ಬೇರೇನೂ ಇರಲಿಲ್ಲ.

ಉಸಿರು ಪೂರ್ತಿ ಕಟ್ಟಿದರೆ ಮಿದುಳಿಗೆ ಹಾನಿಯಾಗಲು ನಾಲ್ಕೈದು ನಿಮಿಷ ಸಾಕು. ಸಿರುಗುಪ್ಪ ಬಳ್ಳಾರಿಯಿಂದ ಐವತ್ತು ಕಿಲೋಮೀಟರಿಗೂ ಮಿಕ್ಕಿ ದೂರ. ಕುರುಗೋಡು ಹತ್ತಿರವೆಂದರೂ ಆಟೊದಲ್ಲಿ ನಾಲ್ಕು ನಿಮಿಷದ ದಾರಿಯಲ್ಲ. ನಗರದೊಳಗಿನವರಿಗೂ ರೈಲ್ವೆ ಗೇಟಿನ ಬಳಿ ವಾಹನ ನಿಂತರೆ ಅಷ್ಟೇ. ಆದ್ದರಿಂದ ಮುಂದಿನ ನಾಲ್ಕು ಸಾಲುಗಳನ್ನು ದಯವಿಟ್ಟು ಮನೆಯ ಎಲ್ಲರಿಗೂ ಓದಿ ಹೇಳಿ.

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ. ಬೆನ್ನಿಗೆ ಹೊಡೆಯಬೇಡಿ, ನೀರು ಕುಡಿಸಬೇಡಿ. ಕೆಮ್ಮಿಗೆ ಸದ್ದಿಲ್ಲದಿದ್ದರೆ, ಉಸಿರಾಡಲು ಆಗದಿದ್ದರೆ ಆಗ ಕೈಹಾಕಬೇಕು. ಒಂದು ವರ್ಷದೊಳಗಿನ ಕೂಸಾದರೆ ತಲೆ ಎದೆಗಿಂತ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಯನ್ನು ಬೆರಳುಗಳಿಂದ ಆನಿಸಿ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಗುದ್ದಬೇಕು. ಹೊರಬರದಿದ್ದರೆ ಮಗುವನ್ನು ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಮತ್ತೆ ಬೆನ್ನು, ಮತ್ತೆ ಎದೆ. ಒಂದು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಗುದ್ದು, ನಂತರ ಹಿಂದೆ ನಿಂತು ತಬ್ಬಿಕೊಂಡು ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ಕೂಸಿಗೆ ಮಾತ್ರ ಹೊಟ್ಟೆಯ ಮೇಲೆ ಒತ್ತಲೇಬಾರದು, ಯಕೃತ್ತಿಗೆ ಪೆಟ್ಟಾಗುತ್ತದೆ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಬಾರದು. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಮಗು ಎಚ್ಚರ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆ ಒತ್ತುವ ಚಿಕಿತ್ಸೆ ಆರಂಭಿಸಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಗೊಂಬೆಯ ಮೇಲೆ ಮಾಡಿ ಕಲಿಯುವುದು ಲೇಸು.

ಇನ್ನೊಂದು ಮಾತು. ಉಸಿರುಗಟ್ಟಿ ಸುಧಾರಿಸಿದ ಮೇಲೆ ಮಗುವಿಗೆ ಕೆಮ್ಮು, ಸುಯ್ಯೆನ್ನುವ ಉಸಿರು, ಪದೇ ಪದೇ ಜ್ವರ ಉಳಿದರೆ ಚೂರು ಶ್ವಾಸಕೋಶದ ಕೊಳವೆಯಲ್ಲಿ ಕೂತಿರಬಹುದು. ಪ್ಲಾಸ್ಟಿಕ್ ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. "ಎಕ್ಸ್-ರೇ ಸರಿ ಇದೆ" ಎಂದು ಸಮಾಧಾನಪಡದೆ ನಡೆದದ್ದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಒಂದೇ ಮೂಗಿನ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೂ ಅಷ್ಟೇ, ಒಳಗೆ ಮಣಿಯೋ ಬ್ಲಾಕೋ ಇದ್ದೀತು. ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ.

ನುಂಗಿ ಹೊಟ್ಟೆಗೆ ಹೋದರೆ ಅಷ್ಟು ಭಯವಿಲ್ಲ. 2018ರಲ್ಲಿ ಪ್ರಕಟವಾದ ಒಂದು ತಮಾಷೆಯ ಅಧ್ಯಯನವಿದೆ. ಮಕ್ಕಳ ಆರೋಗ್ಯ ಕ್ಷೇತ್ರದ ಆರು ಮಂದಿ ತಾವೇ ಲೆಗೊ ಗೊಂಬೆಯ ತಲೆಯನ್ನು ನುಂಗಿ ಕಾದು ನೋಡಿದರು. ಸರಾಸರಿ 1.71 ದಿನಗಳಲ್ಲಿ ಅದು ಹೊರಬಂತು. ಒಬ್ಬರದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ! ಪಾಲಕರು ಮಲ ಕೆದಕಿ ಹುಡುಕುವ ಅಗತ್ಯವಿಲ್ಲ ಎಂಬುದು ಅವರ ಸಲಹೆ. ಹೊಟ್ಟೆನೋವು, ವಾಂತಿ, ಜೊಲ್ಲು ಸುರಿಯುವುದು ಇದ್ದರೆ ಮಾತ್ರ ತಡಮಾಡದೆ ಬನ್ನಿ.

ಆದರೆ ಬಟನ್ ಬ್ಯಾಟರಿ ಮತ್ತು ಅಯಸ್ಕಾಂತಕ್ಕೆ ಈ ಮಾತು ಅನ್ವಯಿಸದು. ದೀಪ ಹೊತ್ತುವ ಆಟಿಕೆಗಳಲ್ಲಿರುವ ನಾಣ್ಯದಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡತೊಡಗುತ್ತದೆ. ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಬನ್ನಿ. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನುತುಪ್ಪವನ್ನು ಆರು ಸಲದವರೆಗೆ ಕೊಡಬಹುದು, ಸುಡುವುದು ನಿಧಾನವಾಗುತ್ತದೆ. ಜೇನು ಹುಡುಕುತ್ತ ಹೊತ್ತು ಕಳೆಯಬಾರದು. ವರ್ಷದೊಳಗಿನ ಕೂಸಿಗೆ ಜೇನು ಸಲ್ಲದು. ಎರಡು ಅಯಸ್ಕಾಂತ ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಎಳೆದು ತೂತು ಮಾಡಬಲ್ಲವು. ಅದೂ ತುರ್ತು ಪರಿಸ್ಥಿತಿಯೇ.

ಹಾಗಾದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಯಾವುದು ಸುರಕ್ಷಿತ? ಆಟಿಕೆ ಪರೀಕ್ಷಿಸುವವರು ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಈ ವಯಸ್ಸಿನವರಿಗೆ ಕೊಡತಕ್ಕದ್ದಲ್ಲ. ಹಳೆಯ ಕ್ಯಾಮೆರಾದ ಫಿಲ್ಮ್ ರೋಲ್ ಬರುತ್ತಿದ್ದ ಡಬ್ಬಿ ಮನೆಯಲ್ಲಿ ಇನ್ನೂ ಬಿದ್ದಿದ್ದರೆ ಅದು ಹೆಚ್ಚು ಕಡಿಮೆ ಅದೇ ಅಳತೆ. ಕಡಲೆಬೀಜವೂ ಅದರಲ್ಲಿ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಬಣ್ಣದಲ್ಲಿ ಸೀಸದಂಥ ಲೋಹ ಎಷ್ಟಿರಬಹುದೆಂಬ ಮಿತಿಯೂ ಅದರಲ್ಲಿ ಸೇರಿದೆ. ಜಾತ್ರೆಯಲ್ಲಿ ಗುರುತಿಲ್ಲದ ಆಟಿಕೆ ಅಗ್ಗಕ್ಕೆ ಸಿಕ್ಕರೂ ಎಳೆಯ ಕೂಸಿನ ಕೈಗೆ ಕೊಡಬೇಡಿ. ವಿದೇಶಿ ಬ್ರಾಂಡಿನ ಬೆಲೆ ನೋಡಿ ನನಗೂ ತಲೆ ತಿರುಗಿದೆ. ಆ ಹಣ ಸುರಿಯಬೇಕೆಂದಿಲ್ಲ, ಗುರುತಿರುವ ಸ್ವದೇಶಿ ಬ್ಲಾಕ್‌ಗಳೂ ಸಿಗುತ್ತವೆ.

ಪರದೆಯ ಆಟ

ನಾನು ಶಾಲೆಯಲ್ಲಿದ್ದಾಗ ಅಂಗೈಯಲ್ಲಿ ಹಿಡಿಯುವ ಬ್ರಿಕ್ ಗೇಮ್ ಬಂದಿತ್ತು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಕೂಡಿಸುವ ಆಟ. ಮಾಸ್ಕೋದ ಅಲೆಕ್ಸೇ ಪಜಿತ್ನೋವ್ 1980ರ ದಶಕದ ನಡುವೆ ರೂಪಿಸಿದ ಟೆಟ್ರಿಸ್‌ನ ನಕಲು ಅದು. ಕಣ್ಣು ಮುಚ್ಚಿದರೂ ಇಟ್ಟಿಗೆಗಳು ಬೀಳುತ್ತಲೇ ಇರುತ್ತಿದ್ದವು. ಇದು ನನ್ನೊಬ್ಬನ ಹುಚ್ಚಲ್ಲ. 2000ದಲ್ಲಿ ಹಾರ್ವರ್ಡಿನ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿದರು. ಟೆಟ್ರಿಸ್ ಆಡಿದವರಿಗೆ ನಿದ್ರೆ ಹತ್ತುವಾಗ ಅವೇ ಚಿತ್ರಗಳು ಕಂಡವು. ಆಟ ಆಡಿದ್ದೇ ನೆನಪಿಲ್ಲದ ಮರೆವಿನ ರೋಗಿಗಳಲ್ಲೂ ಕೆಲವರಿಗೆ ಕಂಡವು! ಮಲಗುವ ಮುಂಚಿನ ಒಂದು ಗಂಟೆ ಗೇಮ್ ಬೇಡ ಎಂದು ನಾನು ಹೇಳುವಾಗ ಈ ಅಧ್ಯಯನ ನೆನಪಾಗುತ್ತದೆ.

ವಿಡಿಯೊ ಗೇಮ್ ಎಂದರೆ ಬರೀ ಕೆಡುಕು ಎಂದು ನಾನು ಹೇಳಲಾರೆ. 2007ರಲ್ಲಿ ಅಮೆರಿಕದಲ್ಲಿ 33 ಶಸ್ತ್ರವೈದ್ಯರನ್ನು ಪರೀಕ್ಷಿಸಿದಾಗ, ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಗೇಮ್ ಆಡಿದ್ದವರು ಉದರದರ್ಶಕದ ಮೂಲಕ ಮಾಡುವ ಶಸ್ತ್ರಕ್ರಿಯೆಯ ಅಭ್ಯಾಸದಲ್ಲಿ 37 ಶೇಕಡ ಕಡಿಮೆ ತಪ್ಪು ಮಾಡಿದ್ದರು. ಆಡಿದ್ದರಿಂದ ಕೈ ಪಳಗಿತೋ, ಪಳಗಿದ ಕೈಯವರೇ ಆಟದತ್ತ ಹೋದರೋ ಹೇಳಲು ಬರುವುದಿಲ್ಲ. ಮಗ ಇದನ್ನೇ ಎತ್ತಿ ತೋರಿಸಿ ವಾದಿಸಿದರೆ ಅದು ವಾರಕ್ಕೆ ಮೂರು ಗಂಟೆಯ ಲೆಕ್ಕ, ದಿನಕ್ಕಲ್ಲ ಎಂದು ಹೇಳಿ.

ಕೈಬೆರಳು ನೋಯುವುದು ಹಳೆಯ ಕಥೆ. ಗೇಮ್ ಆಡಿ ಹೆಬ್ಬೆರಳಿನ ಸ್ನಾಯುರಜ್ಜು ಊದಿಕೊಂಡ ಮಹಿಳೆಯ ಬಗ್ಗೆ 1990ರಲ್ಲೇ ಅಮೆರಿಕದ ವೈದ್ಯ ಪತ್ರಿಕೆಯೊಂದು ಬರೆದಿತ್ತು. ಎರಡು ದಿನ ಬಿಡುವು ಕೊಟ್ಟರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ಕಣ್ಣಿನ ಮಾತು ಹೆಚ್ಚು ಗಂಭೀರ. ಹತ್ತಿರದ ಪರದೆಗೆ ಅಂಟಿದ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತಿದೆ. ದಿನಕ್ಕೆ ಸುಮಾರು ಎರಡು ಗಂಟೆ ಬಯಲಿನ ಬೆಳಕಿನಲ್ಲಿ ಕಳೆದರೆ ಅದು ತಡವಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕಳಿಸಿ ಎಂದು ನಾನು ಹೇಳುವುದಿಲ್ಲ, ಬೆಳಿಗ್ಗೆ ಮತ್ತು ಸಂಜೆ ಸಾಕು. ಆಡುವಾಗ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಗಿಡವನ್ನೋ ಗೋಡೆಯನ್ನೋ 20 ಸೆಕೆಂಡು ನೋಡಲಿ. ಆಟ ಮೊಬೈಲಿಗಿಂತ ಟಿ.ವಿ.ಯಲ್ಲಿ ಇದ್ದರೆ ಒಳ್ಳೆಯದು. ಕಣ್ಣಿಗೂ ದೂರ, ಮನೆಯವರಿಗೂ ಏನಾಡುತ್ತಿದ್ದಾನೆಂದು ಕಾಣುತ್ತದೆ.

ಮೂರ್ಛೆರೋಗವಿರುವ ಮಕ್ಕಳಲ್ಲಿ ಕೆಲವರಿಗೆ ಮಿಣುಕುವ ಬೆಳಕಿನಿಂದ ಫಿಟ್ಸ್ ಬರಬಹುದು. 1997ರ ಡಿಸೆಂಬರಿನಲ್ಲಿ ಜಪಾನಿನ ಒಂದು ಕಾರ್ಟೂನಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿಣುಕಿದ್ದರಿಂದ ಸುಮಾರು 685 ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂಥ ಮಕ್ಕಳು ಕತ್ತಲ ಕೋಣೆಯಲ್ಲಿ ಆಡಬಾರದು, ಪರದೆಯಿಂದ ದೂರ ಕೂಡಬೇಕು, ನಿದ್ರೆಗೆಟ್ಟ ದಿನ ಆಡಲೇಬಾರದು. ಗೇಮ್ ಮುಟ್ಟುವ ಮೊದಲು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ.

ಇನ್ನು ಚಟದ ಪ್ರಶ್ನೆ. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದೇ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿನ ಚಟಕ್ಕೂ ಈಗ ಸ್ಥಾನವಿದೆ. 2022ರ ಜನವರಿಯಿಂದ ಅದು ಜಾರಿಗೆ ಬಂದಿದೆ. ಆದರೆ ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಹುಡುಗನಿಗೆ ಆ ಹೆಸರು ಹಚ್ಚುವುದು ತಪ್ಪು. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದು, ಊಟ, ಓದು, ಗೆಳೆಯರಿಗಿಂತ ಗೇಮೇ ಮುಂದಾಗುತ್ತದೆ, ಹಾನಿ ಕಂಡರೂ ಬಿಡುವುದಿಲ್ಲ, ಸಾಧಾರಣವಾಗಿ ಹನ್ನೆರಡು ತಿಂಗಳಾದರೂ ಹೀಗೆ ನಡೆದಿರುತ್ತದೆ. ಇಷ್ಟಿದ್ದರೆ ರೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಷಟ್ ಕ್ಲಿನಿಕ್ ಆರಂಭವಾಯಿತು. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಬೇರೆಯೇ ಜಾತಿ. 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಮಾಡಿದೆ. ಸಾಲ ಮಾಡಿ ಆಡಿದವರು ಮನೆಯವರ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಅಂಥವರನ್ನು ಮೊದಲು ಬೈಯದೆ ಕೇಳಿ.

ಚಟಕ್ಕೆ ಬಿದ್ದ ಹುಡುಗರ ಬಗ್ಗೆ ವಿಚಾರಿಸಿದಾಗ ನನಗೆ ಹೆಚ್ಚಾಗಿ ಕಂಡದ್ದು ಒಂಟಿ ಕೋಣೆ ಮತ್ತು ಒಂಟಿ ಮೊಬೈಲು. ಸಿರುಗುಪ್ಪದ ಅಜ್ಜನ ಮನೆಯಲ್ಲಿ ಹಾಗಿಲ್ಲ. ನಾಲ್ಕು ಮಂದಿ ಕೂತು, ಸರದಿಯ ಪ್ರಕಾರ ಆಡಿ, ಎರಡು ರೇಸು ಮುಗಿದರೆ ಟಿ.ವಿ. ಬಂದ್. "ಅರ್ಧ ಗಂಟೆ" ಎಂದರೆ ಮಕ್ಕಳು ವಾದಿಸುತ್ತಾರೆ, "ಎರಡು ರೇಸು" ಎಂದರೆ ಒಪ್ಪುತ್ತಾರೆ ಎಂದು ಅವರೇ ನನಗೆ ಹೇಳಿಕೊಟ್ಟರು. ಗೇಮಿನ ಮೇಲೆ 3+, 7+, 12+ ಎಂಬ ವಯಸ್ಸಿನ ಗುರುತು ಇರುತ್ತದೆ, ಅದನ್ನು ನೋಡಿ ಕೊಳ್ಳಿ. ಎಷ್ಟು ಆಡಿದರೂ ಮುಗಿಯದ, ನಡುನಡುವೆ ಹಣ ಕೇಳುವ ಗೇಮ್‌ಗಳನ್ನು ದೂರವಿಡಿ.

ಅಂದು ಹೊರಡುವಾಗ ಆ ಹೆಂಡತಿಗೆ ಕೂಸಿನ ಬೆನ್ನು ಗುದ್ದುವ ಬಗೆಯನ್ನು ತಲೆದಿಂಬಿನ ಮೇಲೆ ಮಾಡಿ ತೋರಿಸಿದೆ. ಎರಡು ಸಲ ಅವರ ಕೈಯಿಂದಲೂ ಮಾಡಿಸಿದೆ. ಸಣ್ಣ ಚೂರುಗಳ ಡಬ್ಬಿ ಇನ್ನು ಅಟ್ಟದ ಮೇಲೆ, ಕೂಸು ಮಲಗಿದಾಗ ಮಾತ್ರ ಕೆಳಗೆ, ಆಟ ಮುಗಿದ ಮೇಲೆ ನೆಲ ಗುಡಿಸಿ ಎಣಿಸಿಡುವುದು ಎಂದು ಒಪ್ಪಂದವಾಯಿತು. ಹಳೆಯ ಹಾಸಿಗೆ ಹೊದಿಕೆ ಹಾಸಿ ಅದರ ಮೇಲೆ ಆಡಿದರೆ ನಾಲ್ಕು ಮೂಲೆ ಎತ್ತಿದಾಗ ಎಲ್ಲವೂ ಒಂದೇ ಸಲ ಡಬ್ಬಿಗೆ ಸೇರುತ್ತವೆ ಎಂಬುದು ನನ್ನ ಹೆಂಡತಿಯ ಉಪಾಯ, ಅದನ್ನೂ ಹೇಳಿದೆ.

ಬಾಗಿಲ ಬಳಿ ಗಂಡ ತಿರುಗಿ ನಿಂತು, ಧೂಳು ಕೂತ ಬ್ಲಾಕ್‌ಗಳನ್ನು ಕುದಿಯುವ ನೀರಿಗೆ ಹಾಕಬಹುದೇ ಎಂದು ಕೇಳಿದರು. ಹಾಕಬೇಡಿ. 40 ಡಿಗ್ರಿಗಿಂತ ಬಿಸಿಯಾದ ನೀರು ಬೇಡವೆಂದು ತಯಾರಕರೇ ಹೇಳುತ್ತಾರೆ, ಆಕಾರ ಕೆಟ್ಟರೆ ಹಿಡಿತ ಹೋಗುತ್ತದೆ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಜಾಲಾಡಿ, ಬಟ್ಟೆಯ ಮೇಲೆ ಹರವಿ ನೆರಳಲ್ಲಿ ಒಣಗಿಸಿ. ನಮ್ಮೂರಿನ ಮಾಳಿಗೆಯ ಬಿಸಿಲಿಗೆ ಮಾತ್ರ ಇಡಬೇಡಿ.